ಮೂರನೇ ಕೂಗು

ಪೇಟೆ ಬೀದಿಯ ತಿರುವಿನಲ್ಲಿ, ಮೋರಿ ಕಲ್ಲಿನ ಮೇಲೆ
ನನ್ನಂಗಡಿ. ಗ್ಯಾಸ್ಕೆಟ್, ಹಿಡಿ, ವಾಲ್ವು, ಸ್ಟವ್ವಿನ ಬರ್ನರು.
ಎಲೆಕ್ಷನ್ ಮುಗಿದ ಮೂರನೇ ತಿಂಗಳಿಗೆ
ನನಗೆ ಸುಗ್ಗಿ.
ಒಂದೇ ಅಚ್ಚಿನ ಕುಕ್ಕರುಗಳು ಸಾಲಾಗಿ ಬರುತ್ತವೆ,
ಹೊಟ್ಟೆಯ ಮೇಲೆ ಕೈಮುಗಿದ ಮುಖ,
ಉರಿಗೆ ಅರ್ಧ ಹಲ್ಲು ಕರಗಿದ ನಗು.
ಗೆದ್ದವರದೂ ಬರುತ್ತವೆ, ಸೋತವರದೂ.
ತಗಡು ಮಾತ್ರ ಒಂದೇ ದಪ್ಪ,
ಉಗುರಲ್ಲಿ ಒತ್ತಿದರೆ ತಗ್ಗು ಬೀಳುತ್ತದೆ.

ಹುಲಿವಾನದ ಚೆನ್ನಾಜಮ್ಮ ಮೊನ್ನೆ ಬಂದಳು,
ಸೊಪ್ಪು ಮಾರುವವಳು. ಮಂಕರಿ ಇಳಿಸಿ
ಸೆರಗಿನಡಿಯಿಂದ ಕುಕ್ಕರು ತೆಗೆದಳು, ಕದ್ದ ಮಾಲಿನಂತೆ.
ಮುಚ್ಚಳ ಹಾರಿ ಸೂರಿಗೆ ಬಡಿದಿತ್ತಂತೆ,
ಬೇಳೆ ಗೋಡೆ ತುಂಬ. ಮೊಮ್ಮಗಳ ಮೊಣಕೈಯಲ್ಲಿ
ಕಾಸಗಲ ಬೊಬ್ಬೆ.
"ಗ್ರಾಹಕರ ಕೋರ್ಟ್ಗೂ ಹೋಗಿದ್ದೆ ಕಣಣ್ಣ.
ಬಿಲ್ಲೆಲ್ಲವ್ವಾ ಅಂದ್ರು.
ಕಾಸು ಕೊಟ್ಟು ತಗಂಡಿಲ್ಲ ಅಂದ್ಮೇಲೆ
ನೀನು ಗ್ರಾಹಕಳೇ ಅಲ್ಲ ಅಂದ್ರು.
ಅಂಗಾರೆ ನಾನು ಏನು?"

ನಾನೇನು ಹೇಳಲಿ.
ಪಕ್ಕದ ಮಳಿಗೆಯ ಟೈಪಿಸ್ಟ್ ಮುದ್ದುಮಲ್ಲಪ್ಪನವರು
ಕನ್ನಡಕ ಹಣೆಗೇರಿಸಿ ಕರೆದರು, "ಬಾಮ್ಮ ಇಲ್ಲಿ."
ಅವರ ಹತ್ತಿರ ಒಂದು ಕಡತವಿದೆ. ಪುಟಕ್ಕೊಂದು ರೂಪಾಯಿ ಕಟ್ಟಿ
ತರಿಸಿದ್ದು, ಗೆದ್ದ ಮುಖದ ಖರ್ಚಿನ ಲೆಕ್ಕ.
ಹಾರ: ಮೂರು ಸಾವಿರದ ಇನ್ನೂರು.
ಶಾಮಿಯಾನ, ಮೈಕು, ಆಟೋ ಬಾಡಿಗೆ.
ಮಜ್ಜಿಗೆ: ಒಂಬೈನೂರ ಅರವತ್ತು.
ಇಡೀ ತಾಲ್ಲೂಕು ಆ ಬಿಸಿಲಿನಲ್ಲಿ ಕುಡಿದದ್ದು
ಒಂಬೈನೂರ ಅರವತ್ತು ರೂಪಾಯಿಯ ಮಜ್ಜಿಗೆ ಮಾತ್ರ ಎಂದು
ಸಹಿ ಇದೆ, ಮೊಹರಿದೆ.
ಕುಕ್ಕರ್ ಎಂಬ ಶಬ್ದವೇ ಇಲ್ಲ.

ಕೊಂಡವರಿಲ್ಲ, ಕೊಟ್ಟವರಿಲ್ಲ,
ಆದರೂ ಬೇಳೆ ಗೋಡೆಗಂಟಿದೆ.

"ಯಾರು ಕೊಂಡರು ಅಂತ ಇನ್ನೊಂದು ಅರ್ಜಿ ಹಾಕಿದೆ.
ಸದರಿ ಮಾಹಿತಿ ಈ ಕಚೇರಿಗೆ ಸಂಬಂಧಿಸಿರುವುದಿಲ್ಲವಾಗಿ
ವರ್ಗಾಯಿಸಿದೆ, ಅಂದರು. ನಾಲ್ಕು ಕಚೇರಿ ತಿರುಗಿ
ಮೊದಲನೆಯದರ ಬಾಗಿಲಿಗೇ ಬಂದು ನಿಂತಿದೆ,
ಊರು ಸುತ್ತಿದ ಬಸವನ ಹಾಗೆ."

ಚೆನ್ನಾಜಮ್ಮ ಕಾಗದ ನೋಡಲಿಲ್ಲ. ಓದು ಬಾರದು.
ಲೆಕ್ಕ ಬರುತ್ತದೆ.
"ಮಾರ್ಕೆಟ್ ಸುಂಕ ಇಪ್ಪತ್ತಿತ್ತು. ಓಟಾದ್ಮೇಲೆ ಐವತ್ತು.
ಟೆಂಡರ್ ಇಡ್ದಿರೋನೇ ಅವತ್ತು ರಾತ್ರಿ
ಟೆಂಪೋದಲ್ಲಿ ಕುಕ್ಕರ್ ಅಂಚಿದ್ದು. ಚೀಟಿ ಕೊಡಪ್ಪ ಅಂದ್ರೆ
ಮಂಕರಿ ಒದೀತಾನೆ.
ದಿನಕ್ಕೆ ಮೂವತ್ತು ಜಾಸ್ತಿ. ಇದ್ರ ಬೆಲೆ ಎಷ್ಟಣ್ಣ?"

ಆರುನೂರು, ಎಂದೆ. ಹೆಚ್ಚೆಂದರೆ.

ಬೆರಳ ಗೆಣ್ಣು ಎಣಿಸಿದಳು.
"ಇಪ್ಪತ್ತೇ ದಿನಕ್ಕೆ ತೀರೋಯ್ತಲ್ಲ!
ಈಗ ಯಾವುದರ ಕಂತು ಕಟ್ತಾ ಇದೀನಿ?"

ಆಗ ನನ್ನ ಮನೆಯ ಸೊಪ್ಪು ನೆನಪಾಯಿತು:
ಹತ್ತರ ಕಂತೆ ಹದಿನೈದಾಗಿ, ದಂಟು ಕಮ್ಮಿಯಾಗಿ,
ಬಾಳೆನಾರು ಮಾತ್ರ ಮೊದಲಿಗಿಂತ ಬಿಗಿಯಾಗಿ.
ಇವಳನ್ನೇ ಬೈದಿದ್ದೆ, ಗೌರಿ ಹಬ್ಬದ ಹಿಂದಿನ ದಿನ,
ಜನರ ಮುಂದೆ.
ನನ್ನ ಅಟ್ಟದ ಮೇಲೂ ಒಂದು ಕುಕ್ಕರಿದೆ, ಡಬ್ಬ ಬಿಚ್ಚಿಲ್ಲ.
ಅದನ್ನು ಹೇಳಲಿಲ್ಲ.

ಹೊಸ ಗ್ಯಾಸ್ಕೆಟ್ ಕೂರಿಸಿದೆ. ಸ್ಟಿಕ್ಕರ್ ಕೆರೆದು ಕೊಡು ಎಂದಳು.
ಕೆರೆದೆ. ಮುಖ ಹೋಯಿತು, ಮುಗಿದ ಕೈ ಹೋಗಲಿಲ್ಲ.
ಅರವತ್ತು ರೂಪಾಯಿ. ಎಣಿಸಿ ಕೊಟ್ಟು
ಹೊರಟವಳು ತಿರುಗಿ ನಿಂತಳು: "ಚೀಟಿ?"

ಹುಡುಕಿದೆ. ಅಪ್ಪನ ಕಾಲದ ಬಿಲ್ ಬುಕ್ಕು, ಇಲಿ ಕಡಿದ ಅಂಚು,
ಐದಂಕಿಯ ಫೋನ್ ನಂಬರು.
ಕಾರ್ಬನ್ ಇಟ್ಟು ಒತ್ತಿ ಬರೆದೆ: ಗ್ಯಾಸ್ಕೆಟ್ ಒಂದು, ಕೂಲಿ ಸೇರಿ.
ಹೆಸರು, ಊರು, ತಾರೀಖು.
ಎಲೆಅಡಿಕೆ ಚೀಲದಲ್ಲಿ ಮಡಚಿಟ್ಟುಕೊಂಡು
"ಇದೊಂದಾರ ಇರ್ಲಿ" ಎಂದು ಮಂಕರಿ ಎತ್ತಿದಳು.

ಸಂಜೆ, ದೀಪ ಹಚ್ಚುವ ಹೊತ್ತಿಗೆ
ಮಾರ್ಕೆಟ್ ಕಡೆಯಿಂದ ಅದೇ ಗಂಟಲು: "ಚೀಟಿ ಎಲ್ಲಿ?"
ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಇನ್ನೊಂದು ಗಂಟಲು,
ಹೂವಿನವಳದಿರಬೇಕು.
ನಾನು ವಾಲ್ವು ತಿಕ್ಕುತ್ತಾ
ಎಣಿಸುತ್ತಾ ಕೂತಿದ್ದೆ.